ಮೇನ್‌ಫ್ರೇಮಿಗೆ ಮಳೆಗಾಲ ಇಲ್ಲ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆಯಲ್ಲೇ ಕೂತು ಮೇನ್‌ಫ್ರೇಮ್ (ದೂರದಲ್ಲಿರುವ ದೊಡ್ಡ ಐಬಿಎಂ ಕಂಪ್ಯೂಟರ್) ಕೆಲಸ ಮಾಡುವವರು ಪಾಲಿಸಬೇಕಾದ ನೇಮ ಒಂದಿದೆ. ಆರಿದ್ರಾ ಮಳೆ ಹಿಡಿದ ಮೇಲೆ ಟಿಎಸ್‌ಒ ಪರದೆಯ, ಅಂದರೆ ಮೇನ್‌ಫ್ರೇಮಿಗೆ ನೇರ ಕಮಾಂಡ್ ಕೊಡುವ ಪರದೆಯ, ಮುಂದೆ ಕೂತು ಕಂಪ್ರೆಸ್ ಮಾಡಿಯೋ ಕಟ್ಟಿಯೋ ಕಳಿಸಿದ ಫೈಲ್ ಬಿಚ್ಚಬಾರದು. ಯಾರೂ ಕೂತು ಕಾಯಬೇಕಿಲ್ಲದೆ ತಾನೇ ಓಡುವ ಬ್ಯಾಚ್ ಜಾಬ್ ಹಾಕಿ ಕಾಫಿಗೆ ಎದ್ದುಬಿಡಬೇಕು.

ಯಾಕೆಂದರೆ ಟಿಎಸ್‌ಒದಲ್ಲಿ ಟ್ರಾನ್ಸ್‌ಮಿಟ್ ಕಮಾಂಡಿನಿಂದ ಕಟ್ಟಿದ ಫೈಲನ್ನು ಬಿಚ್ಚುವ ರಿಸೀವ್ ಕಮಾಂಡ್ ಕೊಟ್ಟರೆ ಅದು ಐಎನ್‌ಎಂಆರ್906ಎ ಎಂಬ ಮೆಸೇಜ್ ಹಾಕಿ, ಎಲ್ಲಿ ಇಳಿಸಲಿ, ಡಿಲೀಟೋ ಎಂಡೋ ಎಂದು ಕೇಳಿ ಉತ್ತರಕ್ಕೆ ಕಾಯುತ್ತ ಕೂರುತ್ತದೆ. ಅಷ್ಟರಲ್ಲಿ ಎಲ್ಲೋ ಮರದ ಕೊಂಬೆ ಲೈನಿನ ಮೇಲೆ ಬಿತ್ತು, ಕರೆಂಟು ಹೋಯ್ತು, ಯುಪಿಎಸ್ ನಾಲ್ಕು ಸಲ ಕೂಗಿ ಸುಮ್ಮನಾಯ್ತು. ವಾಪಸ್ ಲಾಗಾನ್ ಆಗಲು ಹೋದರೆ ಐಕೆಜೆ56425ಐ: ಈ ಐಡಿ ಆಗಲೇ ಒಳಗಿದೆ. ನೀವು ಹೊರಗೆ, ನಿಮ್ಮ ಐಡಿ ಒಳಗೆ. ಲಾಗಾನ್ ಪರದೆಯಲ್ಲಿ ರಿಕನೆಕ್ಟ್ ಎಂದಿರುವ ಕಡೆ ಎಸ್ ಹಾಕಿ ಒಳಗೆ ಸೇರಿಕೊಳ್ಳಬೇಕು. ಲೈನ್‌ಮನ್ ಬರುವುದು ತಡವಾದರೆ ಅಷ್ಟರಲ್ಲಿ ಎಸ್522 ಅಬೆಂಡ್ (ಕೆಲಸ ಅರ್ಧದಲ್ಲೇ ನಿಲ್ಲುವುದು) ಆಗಿರುತ್ತದೆ. ಅಂದರೆ ಕಾದು ಸಾಕಾಗಿ ಸಿಸ್ಟಮ್ಮೇ ನಿಮ್ಮನ್ನು ಹೊರಗೆ ಹಾಕಿದೆ.

ಅದೇ ರಿಸೀವ್ ಅನ್ನು ಟಿಎಸ್‌ಒ ಕಮಾಂಡುಗಳನ್ನು ಓಡಿಸುವ ಐಕೆಜೆಇಎಫ್‌ಟಿ01 ಪ್ರೋಗ್ರಾಮಿನ ಮೂಲಕ ಬ್ಯಾಚಿನಲ್ಲಿ ಓಡಿಸಿ, ಅದಕ್ಕೆ ಕಮಾಂಡ್ ಉಣಿಸುವ ಸಿಸ್‌ಟಿಎಸ್‌ಇನ್‌ನ ಮೊದಲ ಸಾಲಿನಲ್ಲಿ ಕಮಾಂಡ್, ಎರಡನೆಯ ಸಾಲಿನಲ್ಲಿ ಅದು ಕೇಳುವ ಪ್ರಶ್ನೆಗೆ ಉತ್ತರ ಬರೆದಿಟ್ಟರೆ ಮುಗಿಯಿತು. ಸಬ್‌ಮಿಟ್ ಆದ ಜಾಬಿಗೆ ಆಗುಂಬೆಯಲ್ಲಿ ಎಷ್ಟು ಇಂಚು ಮಳೆಯಾದರೇನು?

ಇನ್ನು ಇನ್‌ಸ್ಟಾಲ್ ಮಾಡುವ ಮಾತು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಇಲ್ಲಿ ಅಕ್ಷರಶಃ ನಿಜ. ಟರ್ಸ್ ಮಾಡಿದ (ಐಬಿಎಂ ರೀತಿಯಲ್ಲಿ ಕಂಪ್ರೆಸ್ ಆದ) ಫೈಲ್ ಬಂದ ಕೂಡಲೇ ಅದನ್ನು ಬಿಚ್ಚುವ ಹಳೇ ಪ್ರೋಗ್ರಾಂ ಟಿಆರ್‌ಎಸ್‌ಮೈನ್ ಎಲ್ಲಿ ಸಿಗುತ್ತದೆ ಎಂದು ಹುಡುಕಿ ಇಳಿಸಿಕೊಳ್ಳುವ ಚಟ ಹಳಬರಿಗೆ ಇನ್ನೂ ಬಿಟ್ಟಿಲ್ಲ. 2007ರಲ್ಲಿ ಬಂದ ಮೇನ್‌ಫ್ರೇಮಿನ ಆಪರೇಟಿಂಗ್ ಸಿಸ್ಟಮ್ ಝಡ್/ಓಎಸ್‌ನ 1.9ರಿಂದಲೇ ಅಮಾಟರ್ಸ್ ಎಂಬ ಹೆಸರಿನಲ್ಲಿ ಅದು ಸಿಸ್ಟಮ್ಮಿನ ಜೊತೆಗೇ ಬರುತ್ತಿದೆ. ಪ್ರೋಗ್ರಾಂ ಎಲ್ಲಿದೆ ಎಂದು ತೋರಿಸುವ ಸ್ಟೆಪ್‌ಲಿಬ್ ಕೂಡ ಬೇಕಾಗಿಲ್ಲ. ಪಾರ್ಮ್ ಅನ್‌ಪ್ಯಾಕ್, ಬಂದ ಫೈಲಿಗೆ ಸಿಸ್‌ಯುಟಿ1, ಬಿಚ್ಚಿ ಇಡುವ ಜಾಗಕ್ಕೆ ಸಿಸ್‌ಯುಟಿ2, ದೂರು ದುಮ್ಮಾನಕ್ಕೆ ಸಿಸ್‌ಪ್ರಿಂಟ್, ಅಷ್ಟೇ. ಹಳೇ ಜೆಸಿಎಲ್‌ನಲ್ಲಿ (ಜಾಬ್ ಬರೆಯುವ ಭಾಷೆ) ಇನ್‌ಫೈಲ್, ಔಟ್‌ಫೈಲ್ ಎಂದಿದ್ದರೆ ಅದು ಟಿಆರ್‌ಎಸ್‌ಮೈನ್ ಕಾಲದ್ದು. ಬಂದದ್ದು ಜಿಪ್ ಫೈಲ್ ಆಗಿದ್ದರೆ ಅಮಾಟರ್ಸ್ ಅದನ್ನು ಮುಟ್ಟುವುದಿಲ್ಲ. ಆಗ ಝಡ್/ಓಎಸ್‌ನ ಯೂನಿಕ್ಸ್ ಕಡೆಗೆ ಹೋಗಿ, ಜಾವಾ ಜೊತೆ ಬಂದಿರುವ ಜಾರ್ ಕಮಾಂಡಿನಿಂದ ಬಿಚ್ಚಿ, ಒಳಗಿನ ಟೆಕ್ಸ್ಟ್ ಫೈಲುಗಳನ್ನು ಅಕ್ಷರ ಸಂಕೇತ ಬದಲಿಸುವ ಐಕಾನ್ವ್‌ನಿಂದ ಮೇನ್‌ಫ್ರೇಮಿನ ಐಬಿಎಂ-1047ಕ್ಕೆ ತಿರುಗಿಸಿಕೊಂಡರೆ ಸಾಕು.

ಆದರೆ ಹತ್ತರಲ್ಲಿ ಎಂಟು ಸಲ ಬಿಚ್ಚುವ ಪ್ರೋಗ್ರಾಮಿನದು ತಪ್ಪೇ ಇರುವುದಿಲ್ಲ. ಫೈಲ್ ದಾರಿಯಲ್ಲೇ ಕೆಟ್ಟಿರುತ್ತದೆ. ಫೈಲ್ ಸಾಗಿಸುವ ಎಫ್‌ಟಿಪಿಯಲ್ಲಿ ಬೈನರಿ (ಇದ್ದಂತೆಯೇ ಕಳಿಸು) ಅನ್ನುವುದನ್ನು ಮರೆತರೆ ಅದು ಫೈಲನ್ನು ಟೆಕ್ಸ್ಟ್ ಎಂದು ನಂಬಿ, ಒಂದೊಂದು ಬೈಟನ್ನೂ ಲ್ಯಾಪ್‌ಟಾಪಿನ ಅಕ್ಷರ ಸಂಕೇತವಾದ ಆಸ್ಕಿಯಿಂದ ಮೇನ್‌ಫ್ರೇಮಿನ ಎಬ್ಸಿಡಿಕ್ಕಿಗೆ ಶ್ರದ್ಧೆಯಿಂದ ಅನುವಾದಿಸುತ್ತದೆ. ಉಲ್ಟಾ ಅನುವಾದಿಸಿ ಸರಿ ಮಾಡೋಣ ಎನ್ನುವವರು ಪ್ರತಿ ಆಫೀಸಿನಲ್ಲೂ ಒಬ್ಬರಾದರೂ ಇರುತ್ತಾರೆ. ಆಗುವುದಿಲ್ಲ ಮಾರಾಯರೇ. ಡೇಟಾದ ನಡುವೆ 0ಡಿ 0ಎ ಎಂಬ ಜೋಡಿ ಕಂಡಲ್ಲೆಲ್ಲ ಸಾಲು ಮುಗಿಯಿತೆಂದು ಅದನ್ನು ಕಿತ್ತು ಎಸೆದಾಗಿದೆ. ಎಸೆದದ್ದು ಎಲ್ಲಿತ್ತು ಎಂದು ಈಗ ಹೇಳುವವರು ಯಾರು?

ಕೆಟ್ಟಿದೆಯೋ ಇಲ್ಲವೋ ನೋಡಲು ಸುಲಭದ ದಾರಿ ಇದೆ. ಮೇನ್‌ಫ್ರೇಮಿನಲ್ಲಿ ಬ್ರೌಸ್ ಮಾಡಿ ಮೊದಲ ಸಾಲು ನೋಡಿ. ಟ್ರಾನ್ಸ್‌ಮಿಟ್ ಮಾಡಿದ ಫೈಲ್ ಆದರೆ ಐಎನ್‌ಎಂಆರ್01 ಎಂದು ಸ್ಪಷ್ಟವಾಗಿ ಓದಲು ಬರಬೇಕು. ಬಂದರೆ ಕ್ಷೇಮ. ಜಿಪ್ ಆದರೆ ಇದಕ್ಕೆ ತದ್ವಿರುದ್ಧ: ಪಿಕೆ ಎಂಬ ಎರಡಕ್ಷರ ಮೇನ್‌ಫ್ರೇಮ್ ಪರದೆಯ ಮೇಲೆ ಓದಲು ಬಂದರೆ ಫೈಲ್ ಹಾಳಾಗಿದೆ ಎಂದೇ ಅರ್ಥ. ಬೈಟುಗಳನ್ನೇ ತೋರಿಸುವ ಹೆಕ್ಸ್ ಆನ್ ಮಾಡಿದಾಗ ಪಿಕೆಯ ಆಸ್ಕಿ ರೂಪ 50 4ಬಿ ಕಾಣಬೇಕು, ಎಬ್ಸಿಡಿಕ್ ರೂಪ ಡಿ7 ಡಿ2 ಕಂಡರೆ ಮತ್ತೆ ಕಳಿಸಿ.

ಬೈನರಿ ಒಂದೇ ಸಾಲದು. ಏನೂ ಹೇಳದೆ ಕಳಿಸಿದರೆ ಎಫ್‌ಟಿಪಿ ತನ್ನ ರೂಢಿಯಂತೆ ವಿಬಿ, 256 (ಉದ್ದ ಬದಲಾಗುವ ರೆಕಾರ್ಡು) ಎಂದು ಡೇಟಾಸೆಟ್, ಅಂದರೆ ಮೇನ್‌ಫ್ರೇಮಿನ ಫೈಲ್, ಮಾಡಿಬಿಡುತ್ತದೆ. ಪುಟ್ ಮಾಡುವ ಮೊದಲೇ ಕ್ವೋಟ್ ಸೈಟ್ ಕೊಟ್ಟು ಟರ್ಸ್ ಫೈಲಿಗೆ ಎಫ್‌ಬಿ 1024 (ಎಲ್ಲವೂ 1024 ಬೈಟಿನ ರೆಕಾರ್ಡು), ಟ್ರಾನ್ಸ್‌ಮಿಟ್ ಫೈಲಿಗೆ ಎಫ್‌ಬಿ 80 ಎಂದು ಹೇಳಬೇಕು.

ಇಲ್ಲೂ ಮಳೆಯ ಕೈವಾಡ ಇದೆ. ಅಪ್‌ಲೋಡ್ ನಡುವೆ ಲೈನ್ ಕಡಿದರೆ, ಬೇರೆ ಹೇಳದಿದ್ದಲ್ಲಿ ಎಫ್‌ಟಿಪಿ ಅರ್ಧ ಬಂದ ಡೇಟಾಸೆಟ್ಟನ್ನೂ ಕ್ಯಾಟಲಾಗ್ ಮಾಡಿ (ಪಟ್ಟಿಗೆ ಸೇರಿಸಿ) ಇಟ್ಟುಕೊಳ್ಳುತ್ತದೆ. ಹೆಸರಿದೆ, ತೆರೆಯುತ್ತದೆ, ಮೊದಲ ಸಾಲೂ ಸರಿ ಇದೆ. ಬ್ರೌಸ್‌ನಲ್ಲಿ ಎಂ ಎಂದು ಬರೆದು ಎಫ್8 ಒತ್ತಿ ಕೊನೆಗೆ ಹೋಗಿ, ಒಟ್ಟು ರೆಕಾರ್ಡ್ ಎಷ್ಟೆಂದು ನೋಡಿ, ಟರ್ಸ್ ಫೈಲಾದರೆ 1024ರಿಂದ ಗುಣಿಸಿ. ಲ್ಯಾಪ್‌ಟಾಪಿನಲ್ಲಿರುವ ಫೈಲಿನ ಬೈಟುಗಳಿಗೆ ತಾಳೆಯಾಗಬೇಕು. ಲ್ಯಾಪ್‌ಟಾಪಿನ ಫೈಲೇ 1024ರಿಂದ ನಿಶ್ಶೇಷವಾಗಿ ಭಾಗವಾಗದಿದ್ದರೆ ಅದು ನಿಮ್ಮ ಮನೆಗೆ ಬರುವಾಗಲೇ ತುಂಡಾಗಿದೆ.

ಜಾಗದ ಲೆಕ್ಕ ಅಡಿಕೆ ತೂಕದವರಷ್ಟೇ ಹುಷಾರಾಗಿ ಮಾಡಬೇಕು. 3390 ಡಿಸ್ಕಿನಲ್ಲಿ 27,648ರ ಬ್ಲಾಕ್ ಇಟ್ಟರೆ ಒಂದು ಟ್ರ್ಯಾಕಿಗೆ ಎರಡು ಬ್ಲಾಕ್, ಅಂದರೆ 1024ರ 54 ರೆಕಾರ್ಡು. ಸಿಲಿಂಡರಿಗೆ 15 ಟ್ರ್ಯಾಕ್. ಒಂದು ಲಕ್ಷ ರೆಕಾರ್ಡಿನ ಫೈಲಿಗೆ 124 ಸಿಲಿಂಡರ್ ಬೇಕು. ಇದು ಬರೀ ಕಂಪ್ರೆಸ್ ಆದದ್ದಕ್ಕೆ! ಬಿಚ್ಚಿದ ಮೇಲೆ ಎಷ್ಟಾಗುತ್ತದೆ ಎಂದು ಕಳಿಸಿದವರನ್ನೇ ಕೇಳಿ, ನಾಚಿಕೆ ಬೇಡ. ಸೆಕೆಂಡರಿ (ಮೊದಲ ಜಾಗ ಮುಗಿದರೆ ಹೆಚ್ಚುವರಿ ಜಾಗ) ಕೊಡದೆ ಜಾಗ ಮುಗಿದರೆ ಎಸ್‌ಡಿ37 ಅಬೆಂಡ್. ಕೊಟ್ಟೂ ಡಿಸ್ಕ್ ತುಂಬಿದರೆ, ಇಲ್ಲವೇ 16 ಎಕ್ಸ್‌ಟೆಂಟ್ (ಜಾಗದ ತುಂಡು) ಮುಗಿದರೆ ಎಸ್‌ಬಿ37. ಒಳಗಿರುವುದು ಪಿಡಿಎಸ್ (ಮೆಂಬರ್ ಎಂಬ ಹಲವು ಫೈಲುಗಳ ಗಂಟು) ಆದರೆ ಆ ಮೆಂಬರುಗಳ ಪಟ್ಟಿ ಇಡುವ ಡೈರೆಕ್ಟರಿ ಬ್ಲಾಕಿನ ಮೂರನೇ ಸಂಖ್ಯೆಯೂ ಬೇಕು. ಐಎಸ್‌ಪಿಎಫ್ (ಟಿಎಸ್‌ಒದ ಎಡಿಟರ್) ಅಂಕಿಅಂಶ ಇರುವ ಮೆಂಬರುಗಳು ಒಂದು ಬ್ಲಾಕಿಗೆ ಆರು ಹಿಡಿಯುತ್ತವೆ, ಮುನ್ನೂರು ಮೆಂಬರಿಗೆ 50 ಬ್ಲಾಕ್.

ಈ ಸಂಖ್ಯೆಗಳನ್ನು ಬರೆಯುವಾಗ ಕಾಮಾ ಆದ ಮೇಲೆ ಜಾಗ ಬಿಡುವ ಸಭ್ಯತೆ ಬೇಡ. ಜೆಸಿಎಲ್‌ನಲ್ಲಿ ಒಂದು ಖಾಲಿ ಜಾಗ ಕಂಡರೆ ಅಲ್ಲಿಂದಾಚೆಗಿನದೆಲ್ಲ ಕಾಮೆಂಟ್. ನೀವು ಬರೆದ ಸೆಕೆಂಡರಿ ಜಾಗ ಅದರ ಪಾಲಿಗೆ ಹರಟೆ.

ಎಸ್‌ಬಿ37 ಬಂದ ಮೇಲೆ ಜಾಗ ಹೆಚ್ಚಿಸಿ ಮತ್ತೆ ಓಡಿಸಿದರೆ ಈ ಹೆಸರಿನ ಡೇಟಾಸೆಟ್ ಆಗಲೇ ಇದೆ ಎಂದು ತಕರಾರು ಬರುತ್ತದೆ. ಡೇಟಾಸೆಟ್ಟನ್ನು ಏನು ಮಾಡಬೇಕೆಂದು ಹೇಳುವ ಡಿಸ್ಪ್‌ನಲ್ಲಿ ನ್ಯೂ, ಕ್ಯಾಟಲಾಗ್ ಆದಮೇಲೆ ಮೂರನೆಯದಾಗಿ ಡಿಲೀಟ್ ಬರೆದಿದ್ದರೆ ಸೋತ ಜಾಬ್ ತನ್ನ ಎಂಜಲೆಲೆ ತಾನೇ ತೆಗೆಯುತ್ತದೆ. ರಿಟರ್ನ್ ಕೋಡ್ ಸೊನ್ನೆ ಬಂತೆಂದು ಟರ್ಸ್ ಫೈಲನ್ನು ಆಗಲೇ ಅಳಿಸಲು ಹೋಗಬೇಡಿ. ಬಿಚ್ಚಿದ್ದನ್ನು ಒಮ್ಮೆ ತೆರೆದು, ನಾಲ್ಕು ಸಾಲು ಓದಿ, ಆಮೇಲೆ ಅಳಿಸಿ.