ಮಿಕ್ಸಿ ಬೇಡ ಅಂದವನ ಮನೆಯಲ್ಲಿ ಎರಡು ಮಿಕ್ಸಿ

ರಾತ್ರಿ 11 ಗಂಟೆ 40 ನಿಮಿಷಕ್ಕೆ ನಾನು ಮೊಬೈಲಿನಲ್ಲಿ ಒಂದು ಮಿಕ್ಸಿ ಆರ್ಡರ್ ಮಾಡಿದೆ. 3,299 ರೂಪಾಯಿ. ದುಡ್ಡು ಯುಪಿಐನಲ್ಲಿ ಅಲ್ಲೇ ಹೋಯಿತು. 11 ಗಂಟೆ 52 ನಿಮಿಷಕ್ಕೆ ಹೆಂಡತಿ ಬಂದು, "ರೀ, ಮಿಕ್ಸಿ ತಗೋಬೇಡಿ, ನನ್ನ ತಂಗಿ ತಂದ್ಕೊಡ್ತಾಳಂತೆ" ಎಂದಳು. ಸರಿ, ಕ್ಯಾನ್ಸಲ್ ಮಾಡೋಣ ಅಂತ ಹೋದೆ. "ಕ್ಷಮಿಸಿ, ನಿಮ್ಮ ವಸ್ತು ಈಗಾಗಲೇ ಪ್ಯಾಕ್ ಆಗಿದೆ, ರದ್ದು ಮಾಡಲಾಗುವುದಿಲ್ಲ" ಎಂದಿತು ಆ್ಯಪ್.

ನನಗೆ ಸಿಟ್ಟು ಬರಲಿಲ್ಲ. ಹೆಮ್ಮೆ ಆಯಿತು. ನಡುರಾತ್ರಿ ಯಾರೋ ಪುಣ್ಯಾತ್ಮ ಗೋದಾಮಿನಲ್ಲಿ ಎದ್ದು, ನನ್ನ ಮಿಕ್ಸಿ ಹುಡುಕಿ, ಡಬ್ಬಕ್ಕೆ ತುಂಬಿ, ಟೇಪು ಸುತ್ತಿ, ಚೀಟಿ ಅಂಟಿಸಿದ್ದಾನೆ. ಹನ್ನೆರಡೇ ನಿಮಿಷ. ಈ ಊರಲ್ಲಿ ಹನ್ನೆರಡು ನಿಮಿಷದಲ್ಲಿ ಏನಾಗುತ್ತೆ ಹೇಳಿ? ಭಾನುವಾರ ಬೆಳಗ್ಗೆ ಹೋಟೆಲಿನಲ್ಲಿ ಕೂತರೆ ಟೇಬಲ್ ಒರೆಸೋಕೂ ಯಾರೂ ಬರಲ್ಲ.

ಆಮೇಲೆ ಅದೇ ಡಬ್ಬ ನಾಲ್ಕು ದಿನ ಹೊಸಕೋಟೆಯಲ್ಲೇ ಇತ್ತು. ಟ್ರ್ಯಾಕಿಂಗ್ ತೆಗೆದು ನೋಡಿದರೆ ಸೋಮವಾರವೂ ಹೊಸಕೋಟೆ, ಗುರುವಾರವೂ ಹೊಸಕೋಟೆ. ಬೆಳಗಿನ ಜಾವದ ದಮ್ ಬಿರಿಯಾನಿಗೆ ಕ್ಯೂ ನಿಂತಿತ್ತೋ ಏನೋ. ಪ್ಯಾಕ್ ಆಗೋಕೆ ಹನ್ನೆರಡು ನಿಮಿಷ, ಬಾಗಿಲು ದಾಟೋಕೆ ನಾಲ್ಕು ದಿನ. ಆ ನಾಲ್ಕು ದಿನವೂ ನಾನು ಬೇಡ ಬೇಡ ಅಂತಲೇ ಇದ್ದೆ.

ಈ "ಆಗಲ್ಲ" ಅನ್ನೋ ಉತ್ತರ ಸಿಗೋ ಮೊದಲು ಒಂದು ಭಾಷಾ ಪರೀಕ್ಷೆಯೂ ಇತ್ತು. ಕನ್ನಡಾಭಿಮಾನದಿಂದ ನಾನು ಆ್ಯಪನ್ನು ಕನ್ನಡದಲ್ಲೇ ಇಟ್ಟುಕೊಂಡಿದ್ದೇನೆ. "ನೀವು ಖಚಿತವಾಗಿ ರದ್ದುಮಾಡಲು ಬಯಸುವಿರಾ?" ಅಂತ ಕೇಳಿತು. ಕೆಳಗೆ ಎರಡು ಗುಂಡಿ. ಒಂದು "ಸರಿ", ಇನ್ನೊಂದು "ರದ್ದುಮಾಡಿ". ನಾನು ಮರ್ಯಾದಸ್ಥನಂತೆ "ರದ್ದುಮಾಡಿ" ಒತ್ತಿದೆ. ರದ್ದಾಗಿದ್ದು ಆರ್ಡರ್ ಅಲ್ಲ, ರದ್ದುಮಾಡುವ ನನ್ನ ಕೋರಿಕೆ. ಮತ್ತೆ ಹೋಗಿ "ಸರಿ" ಒತ್ತಿದರೆ ಕಾರಣ ಹೇಳಿ ಅಂತು. ಏಳು ಕಾರಣ ಕೊಟ್ಟಿದ್ದರು. ಅದರಲ್ಲಿ ನಾದಿನಿ ಇರಲಿಲ್ಲ. "ಮನಸ್ಸು ಬದಲಾಯಿತು" ಒತ್ತಿದೆ. ನನ್ನ ಮನಸ್ಸು ಬದಲಾಗಿರಲೇ ಇಲ್ಲ, ಬದಲಾಗಿದ್ದು ಹೆಂಡತಿಯದ್ದು. ಆದರೂ ಒಪ್ಪಿಕೊಂಡೆ. ಅದಾದ ಮೇಲೆ ಒಂದು ಅಳುಮೋರೆ ಗೊಂಬೆ ಬಂತು. "ಇಷ್ಟು ಒಳ್ಳೆಯ ಆಫರ್ ಬಿಟ್ಟುಬಿಡ್ತೀರಾ?" ಅಂತ. ಬಿಡ್ತೀನಿ ಅಂದೆ. ಆಮೇಲೆ ಹೇಳಿದ್ದು, ಪ್ಯಾಕ್ ಆಗಿದೆ ಅಂತ.

ಇಂಥ ಆಟಗಳಿಗೆ ಒಂದು ಹೆಸರೂ ಇದೆ. ಡಾರ್ಕ್ ಪ್ಯಾಟರ್ನ್. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥ 13 ಆಟಗಳ ಪಟ್ಟಿ ಮಾಡಿ, ಆಡಬೇಡಿ ಎಂದಿತು. ಗೊಂದಲದ ಪ್ರಶ್ನೆ ಕೇಳೋದು ಅದರಲ್ಲಿದೆ. ಬೇಡ ಅಂದವನಿಗೆ ನಾಚಿಕೆ ಆಗೋ ಹಾಗೆ ಮಾಡೋದೂ ಇದೆ. ಕೇಳದೆ ಬುಟ್ಟಿಗೆ ಏನಾದರೂ ಸೇರಿಸೋದೂ ಇದೆ. ಪಟ್ಟಿ ಓದಿದರೆ ಬರೆದವರು ಸಹ ರಾತ್ರಿ ಹನ್ನೆರಡಕ್ಕೆ ಏನನ್ನೋ ಕ್ಯಾನ್ಸಲ್ ಮಾಡಲು ಹೋಗಿ ಸೋತವರೇ ಅನಿಸುತ್ತೆ.

ಆಮೇಲೆ ಏನಾಯಿತು ಅಂತ ನೀವು ಪೇಪರ್‌ನಲ್ಲಿ ಓದೇ ಇರ್ತೀರಿ. 2025ರ ಜೂನ್‌ನಲ್ಲಿ ಕಂಪನಿಗಳಿಗೆ ಹೇಳಿದರು, ಮೂರು ತಿಂಗಳಲ್ಲಿ ನಿಮ್ಮನ್ನು ನೀವೇ ತಪಾಸಣೆ ಮಾಡಿಕೊಳ್ಳಿ ಅಂತ. ನವೆಂಬರ್ ಹೊತ್ತಿಗೆ 26 ಕಂಪನಿಗಳು ತಪಾಸಣೆ ಮಾಡಿಕೊಂಡು, ನಮ್ಮಲ್ಲಿ ಅಂಥದ್ದೇನೂ ಇಲ್ಲ ಅಂತ ತಾವೇ ಬರೆದುಕೊಟ್ಟವು. ಸರ್ಕಾರ ಶಹಬ್ಬಾಸ್ ಎಂದಿತು.

ಎಂಥ ನಂಬಿಕೆ! ನಮ್ಮ ಎಸ್ಸೆಸ್ಸೆಲ್ಸಿ ಮಕ್ಕಳ ಪರೀಕ್ಷೆಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ. ಹದಿನೈದು ವರ್ಷದ ಹುಡುಗಿ ತಲೆ ತುರಿಸಿಕೊಂಡರೂ ಜಿಲ್ಲಾ ಕೇಂದ್ರದಲ್ಲಿ ಕೂತವರಿಗೆ ಕಾಣಬೇಕು. ಕಂಪನಿಗಳಿಗೆ ಮಾತ್ರ ಪ್ರಶ್ನೆಪತ್ರಿಕೆ ಮನೆಗೇ ಹೋಗುತ್ತೆ, ಉತ್ತರ ಅವರೇ ಬರೀತಾರೆ, ಮಾರ್ಕ್ಸ್ ಅವರೇ ಹಾಕ್ತಾರೆ. ಎಲ್ಲರೂ ಪಾಸು. ಮುಂದಿನ ವರ್ಷದಿಂದ ಲೋಕಾಯುಕ್ತವನ್ನೂ ಹೀಗೇ ನಡೆಸಬಹುದು. ಪ್ರತಿ ಅಧಿಕಾರಿಯೂ ತನ್ನ ಮನೆಯ ಮೇಲೆ ತಾನೇ ದಾಳಿ ಮಾಡಿ, ಸಿಕ್ಕಿದ್ದು ಎರಡು ಜೊತೆ ಚಪ್ಪಲಿ ಅಂತ ವರದಿ ಕೊಟ್ಟರಾಯಿತು.

ಗ್ರಾಹಕ ಖಾತೆಯ ಕೇಂದ್ರ ಸಚಿವರು ಬೇರೆ ನಮ್ಮ ಧಾರವಾಡದವರೇ, ಪ್ರಲ್ಹಾದ್ ಜೋಶಿ. ಕ್ಯಾಶ್ ಆನ್ ಡೆಲಿವರಿಗೆ ಹೆಚ್ಚು ದುಡ್ಡು ಕೇಳೋದರ ಬಗ್ಗೆ ತನಿಖೆ ಶುರುವಾಗಿದೆ ಅಂತ 2025ರ ಅಕ್ಟೋಬರ್‌ನಲ್ಲಿ ಅವರೇ ಹೇಳಿದ್ದರು. ಸಂತೋಷ. ನನ್ನ ಮಿಕ್ಸಿಯನ್ನೂ ಸ್ವಲ್ಪ ನೋಡಿ ಸ್ವಾಮಿ.

ನಮ್ಮ ಬೀದಿಯ ಮೂಲೆಯಲ್ಲಿ ಒಬ್ಬಾಕೆ ಸೊಪ್ಪು ಮಾರುತ್ತಾರೆ. ಮೊನ್ನೆ ಎರಡು ಕಟ್ಟು ದಂಟು, ಒಂದು ಕಟ್ಟು ಕೊತ್ತಂಬರಿ ತಗೊಂಡು ದುಡ್ಡೂ ಕೊಟ್ಟಿದ್ದೆ. ಮನೆಯಿಂದ ಫೋನ್ ಬಂತು. ಸೊಪ್ಪು ಇದೆ, ತರಬೇಡಿ. ನಾಲ್ಕು ಹೆಜ್ಜೆ ವಾಪಸ್ ಹೋಗಿ, "ಬೇಡವಂತಮ್ಮ" ಎಂದೆ. ಆಕೆ ಸೊಪ್ಪು ಕಿತ್ತುಕೊಂಡು ಬುಟ್ಟಿಗೆ ಎಸೆದು, ಮೇಲೆ ನೀರು ಚಿಮುಕಿಸಿ, "ಬೋಣಿ ಟೈಮಲ್ಲಿ ಹಿಂಗ್ ಮಾಡ್ತೀರಲ್ಲ ಸ್ವಾಮಿ, ಮನೇಲಿ ಕೇಳ್ಕಂಡ್ ಬರಬಾರ್ದಾ" ಅಂತ ಬೈದು, ಸೆರಗಿನ ಗಂಟು ಬಿಚ್ಚಿ ದುಡ್ಡು ಕೊಟ್ಟರು. ಬೈಗುಳವೇ ಕ್ಯಾನ್ಸಲೇಷನ್ ಚಾರ್ಜು. ಏಳು ವರ್ಕಿಂಗ್ ಡೇ ಕಾಯಿರಿ ಅನ್ನಲಿಲ್ಲ. ದುಡ್ಡು ನನ್ನ ಸೊಪ್ಪಿನ ವ್ಯಾಲೆಟ್ಟಿಗೆ ಹಾಕ್ತೀನಿ ಅಂತಲೂ ಅನ್ನಲಿಲ್ಲ. ಬಾಡುವ ಸರಕು ಇಟ್ಟುಕೊಂಡವರು ಅವರು. ಬಾಡದ ಮಿಕ್ಸಿ ಇಟ್ಟುಕೊಂಡವನಿಗೆ ಆಗಲ್ಲವಂತೆ.

ಹಾಗೆ ನೋಡಿದರೆ ಈ ಲೆಕ್ಕ 1872ರಲ್ಲೇ ಮುಗಿದಿದೆ. ಆ ವರ್ಷದ ಭಾರತೀಯ ಕರಾರು ಕಾಯ್ದೆಯಲ್ಲಿ ಒಂದು ಪುಟ್ಟ ಕಥೆ ಬರುತ್ತೆ. ಒಬ್ಬ ಇನ್ನೊಬ್ಬನಿಗೆ, ನನ್ನ ಮನೆ ನಿನಗೆ ಮಾರ್ತೀನಿ ಅಂತ ಕಾಗದ ಹಾಕುತ್ತಾನೆ. ಎರಡನೆಯವನು ಒಪ್ಪಿಗೆ ಕಾಗದವನ್ನು ಅಂಚೆಗೆ ಹಾಕುವ ತನಕ ಮೊದಲನೆಯವನು ತನ್ನ ಮಾತು ವಾಪಸ್ ತಗೋಬಹುದು. ಇನ್ನೂ ಟೆಲಿಫೋನ್ ಹುಟ್ಟಿರದ ಕಾಲ ಅದು. ಎತ್ತಿನ ಗಾಡಿಯಲ್ಲಿ ಟಪಾಲು ಹೋಗುತ್ತಿದ್ದಾಗಲೂ ಮನುಷ್ಯನಿಗೆ ಬೇಡ ಅನ್ನೋಕೆ ಟೈಮ್ ಸಿಗುತ್ತಿತ್ತು.

ಇದನ್ನು ನಮ್ಮ ಆನ್‌ಲೈನ್ ಅಂಗಡಿಗಳು ಚೆನ್ನಾಗಿ ಓದಿಕೊಂಡಿವೆ. ಆದರೆ ತಮ್ಮ ಪಾಲಿನ ಅರ್ಧ ಮಾತ್ರ. ಎಷ್ಟೋ ಅಂಗಡಿಗಳ ಷರತ್ತು ತೆಗೆದು ನೋಡಿ. ಯಾರೂ ಓದದ ಆ ಪುಟದಲ್ಲಿ ಬರೆದಿರ್ತಾರೆ. ಆರ್ಡರ್ ಅಂದರೆ ಗ್ರಾಹಕ ಮುಂದಿಟ್ಟ ಕೋರಿಕೆ ಅಷ್ಟೇ, ಸರಕು ಕಳಿಸಿದಾಗ ಮಾತ್ರ ಅದನ್ನು ನಾವು ಒಪ್ಪಿದ ಹಾಗೆ, ಅಲ್ಲಿಯ ತನಕ ವ್ಯಾಪಾರವೇ ಆಗಿಲ್ಲ. ಆಗಿಲ್ಲ ತಾನೇ? ಹಾಗಾದರೆ ಆಗದೇ ಇರೋ ವ್ಯಾಪಾರದಿಂದ ನಾನು ಎದ್ದು ಹೋಗಬಹುದು ಅಲ್ವಾ? ಇಲ್ಲವಂತೆ. ಎದ್ದು ಹೋಗೋದು ಅವರ ಹಕ್ಕು. ಕೂತಿರೋದು ನನ್ನದು.

ಅವರು ಎದ್ದು ಹೋಗಿದ್ದನ್ನೂ ನೋಡಿದ್ದೇನೆ. ಹಬ್ಬದ ಸೇಲಿನಲ್ಲಿ ಅರ್ಧ ಬೆಲೆಗೆ ಒಂದು ರಗ್ಗು ಸಿಕ್ಕಿತ್ತು. ಒಂಬತ್ತು ದಿನ ಕಾದೆ. ಹತ್ತನೇ ದಿನ ಮೆಸೇಜು, "ಅನಿವಾರ್ಯ ಕಾರಣಗಳಿಂದ ನಿಮ್ಮ ಆರ್ಡರ್ ರದ್ದಾಗಿದೆ." ಏಳು ಕಾರಣಗಳ ಪಟ್ಟಿ ಅವರಿಗೆ ಯಾರೂ ಕೊಟ್ಟಿರಲಿಲ್ಲ. ಅಳುಮೋರೆ ಗೊಂಬೆ ತೋರಿಸಿ, ಇಷ್ಟು ಒಳ್ಳೆಯ ಗಿರಾಕಿಯನ್ನು ಬಿಟ್ಟುಬಿಡ್ತೀರಾ ಅಂತ ಕೇಳೋ ಅವಕಾಶವೂ ನನಗಿರಲಿಲ್ಲ. ಆವತ್ತು ನಾನೂ ಒಂದು ಬಿಲ್ ಬರೆದು ಅವರಿಗೆ ಮೇಲ್ ಮಾಡಿದೆ. ಹಳೇ ರಗ್ಗನ್ನು ಕೆಲಸದಾಕೆಗೆ ಕೊಟ್ಟುಬಿಟ್ಟಿದ್ದಕ್ಕೆ 300, ಒಂಬತ್ತು ರಾತ್ರಿ ಬರೀ ಪಂಚೆ ಹೊದ್ದಿದ್ದಕ್ಕೆ ಚಳಿ ನಿರ್ವಹಣಾ ಶುಲ್ಕ 90, ನೆಗಡಿಗೆ ಕಷಾಯ 40, ಪ್ಲಾಟ್‌ಫಾರ್ಮ್ ಶುಲ್ಕ 7. ಈ ಕೊನೆಯದು ಯಾಕೆ ಅಂತ ನನಗೂ ಗೊತ್ತಿಲ್ಲ, ಎಲ್ಲರೂ ಹಾಕ್ತಾರೆ, ನಾನೂ ಹಾಕಿದೆ. ಉತ್ತರ ಬಂತು. "ನಿಮ್ಮ ಅಮೂಲ್ಯ ಅನಿಸಿಕೆಗೆ ಧನ್ಯವಾದ."

ತಮಾಷೆ ಅಂದರೆ ನನ್ನ ಬಿಲ್ಲಿಗೆ ಹತ್ತಿರದ ನ್ಯಾಯ ಕಾನೂನಿನಲ್ಲೇ ಇದೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರದು. ಅದರ ಕೆಳಗೆ 2020ರ ಜುಲೈನಲ್ಲಿ ಇ-ಕಾಮರ್ಸ್ ನಿಯಮ ಬಂತು. ಅದರ ನಾಲ್ಕನೇ ನಿಯಮ ಹೇಳೋದಿಷ್ಟು. ಗ್ರಾಹಕ ಕ್ಯಾನ್ಸಲ್ ಮಾಡಿದರೆ ಶುಲ್ಕ ಹಾಕಬೇಡಿ. ಹಾಕಲೇಬೇಕು ಅಂದರೆ, ನೀವಾಗಿ ನೀವೇ ಕ್ಯಾನ್ಸಲ್ ಮಾಡಿದಾಗ ನೀವೂ ಅಂಥದ್ದೇ ಶುಲ್ಕ ಹೊರಬೇಕು. ಎಷ್ಟು ಚಂದದ ನಿಯಮ! ಓದಿ ಕಣ್ಣು ತುಂಬಿ ಬಂತು. ಆಮೇಲೆ ಕಣ್ಣೊರೆಸಿಕೊಂಡು ಇನ್ನೊಮ್ಮೆ ಓದಿದೆ. ಮಾತು ಇರೋದು ಶುಲ್ಕದ ಬಗ್ಗೆ. ಗುಂಡಿಯ ಬಗ್ಗೆ ಅಲ್ಲ. ಶುಲ್ಕ ಹಾಕಬಾರದಾ? ಸರಿ ಸ್ವಾಮಿ, ಹಾಕಲ್ಲ, ಕ್ಯಾನ್ಸಲ್ ಗುಂಡಿಯನ್ನೇ ಎತ್ತಿಡ್ತೀವಿ. ಹತ್ತು ನಿಮಿಷದಲ್ಲಿ ಮನೆಗೆ ಈರುಳ್ಳಿ ತರೋ ಆ್ಯಪುಗಳಲ್ಲಂತೂ ಗುಂಡಿ ಮಿಂಚುಹುಳದ ಹಾಗೆ ಮಿನುಗಿ ಮಾಯ. ಬ್ರಿಟನ್ನಿನಲ್ಲಿ ಆನ್‌ಲೈನ್ ಸಾಮಾನು ಕೈಗೆ ಬಂದ ಮೇಲೂ 14 ದಿನ ಮನಸ್ಸು ಬದಲಿಸಬಹುದು, ಕಾನೂನೇ ಬರೆದುಕೊಟ್ಟಿದೆ. ನಮಗೆ ಅಂಥ ದಿನಗಳನ್ನು ಯಾರೂ ಬರೆದುಕೊಟ್ಟಿಲ್ಲ. ಕಂಪನಿ ಕೊಟ್ಟಷ್ಟು ಪ್ರಸಾದ.

ರಗ್ಗಿನ ದುಡ್ಡಿನ ಕಥೆ ಉದ್ದ. ಹೋಗುವಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿತ್ತು. ಬರೋಕೆ "5ರಿಂದ 7 ಕೆಲಸದ ದಿನ". ಸೇಲು ಭಾನುವಾರ ನಡುರಾತ್ರಿಯೂ ಇರುತ್ತೆ. ದುಡ್ಡು ವಾಪಸ್ ಬರುವ ದಾರಿಗೆ ಮಾತ್ರ ಭಾನುವಾರ, ಎರಡನೇ ಶನಿವಾರ, ಮಹಾವೀರ ಜಯಂತಿ ಎಲ್ಲಾ ರಜೆ. ಅಷ್ಟು ದಿನ ದುಡ್ಡು ಎಲ್ಲಿರುತ್ತೆ? ಧರ್ಮಸ್ಥಳ, ಕುಕ್ಕೆ ಮುಗಿಸಿಕೊಂಡು ಬರುತ್ತೋ? ಹಿರಿಯರು ಸುಮ್ನೆ ಹೇಳಿಲ್ಲ, ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತ. ಕೊನೆಗೆ ದುಡ್ಡು ಬಂದಿದ್ದು ಅವರದೇ ವ್ಯಾಲೆಟ್ಟಿಗೆ. ಅಂದರೆ ಅವರ ಜೇಬಿನಿಂದ ಅವರದೇ ಇನ್ನೊಂದು ಜೇಬಿಗೆ. 2024ರ ಅಕ್ಟೋಬರ್‌ನಲ್ಲಿ ಅದೇ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಓಲಾ ಕಂಪನಿಗೆ ಹೇಳಿತ್ತು, ರಿಫಂಡ್ ಬ್ಯಾಂಕಿಗೆ ಬೇಕೋ ಕೂಪನ್ ಬೇಕೋ ಅಂತ ಗ್ರಾಹಕನನ್ನು ಕೇಳಿ ಎಂದು. ನನ್ನ ದುಡ್ಡನ್ನು ಎಲ್ಲಿಗೆ ಕಳಿಸಲಿ ಅಂತ ನನ್ನನ್ನೇ ಕೇಳಬೇಕು ಅನ್ನೋದಕ್ಕೂ ಒಂದು ಸರ್ಕಾರಿ ಆದೇಶ ಬೇಕಾಯಿತು ನೋಡಿ.

ದೂರು ಕೊಡಬಹುದಿತ್ತಲ್ಲ ಅಂತೀರಿ. ಕೊಟ್ಟೆ. ಕಂಪನಿಯ ದೂರು ಅಧಿಕಾರಿ 48 ಗಂಟೆಯಲ್ಲಿ ದೂರು ತಲುಪಿತು ಅನ್ನಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು, ಅದೂ ನಿಯಮವೇ. ಮಿಕ್ಸಿ ಮನೆಗೆ ಬರೋದು ವಾರದಲ್ಲಿ. ಮಿಕ್ಸಿ ಬೇಡ ಅನ್ನೋ ದೂರು ಮುಗಿಯೋದು ತಿಂಗಳಿಗೆ. ಅಷ್ಟರಲ್ಲಿ ಚಟ್ನಿ ಹಳಸಿರುತ್ತೆ. 1915ಕ್ಕೂ ಫೋನ್ ಮಾಡಿದೆ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಿದರು, ಒಳ್ಳೆಯ ಹುಡುಗಿ, ದೂರಿನ ನಂಬರ್ ಕೊಟ್ಟಳು. ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ಐದು ಲಕ್ಷದ ತನಕ ಫೀಸು ಇಲ್ಲ, ವಕೀಲರೂ ಬೇಕಾಗಿಲ್ಲ, ನಾನಿರುವ ಊರಲ್ಲೇ ಕೇಸು ಹಾಕಬಹುದು. 3,299 ರೂಪಾಯಿಗೆ ನಾಲ್ಕು ಸಲ ರಜೆ ಹಾಕೋ ಧೈರ್ಯ ಇದ್ದರೆ ಸಾಕು. ಆ ಧೈರ್ಯ ನಮಗೆ ಇರಲ್ಲ ಅನ್ನೋದು ಅವರಿಗೆ ಗೊತ್ತು. ಇಡೀ ವ್ಯಾಪಾರ ನಿಂತಿರೋದೇ ಅದರ ಮೇಲೆ.

ಕಂಪನಿಯ ಚಾಟ್‌ನಲ್ಲಿ ಯಂತ್ರವೊಂದು ನನಗೆ ಉಪಾಯ ಹೇಳಿಕೊಟ್ಟಿತ್ತು. "ಡೆಲಿವರಿ ಬಂದಾಗ ಬೇಡ ಎನ್ನಿ, ಅಷ್ಟೇ." ಐದನೇ ದಿನ ಮಧ್ಯಾಹ್ನ ಒಂದೂವರೆಗೆ ಹುಡುಗ ಬಂದ. ನಮ್ಮದು ಮೂರನೇ ಮಹಡಿ, ಲಿಫ್ಟ್ ಇಲ್ಲ. ಹೆಗಲ ಮೇಲೆ ಮಿಕ್ಸಿ, ಬೆನ್ನಿಗೆ ಒಂದು ಮೂಟೆ, ಮೈಯೆಲ್ಲ ಬೆವರು. ಬೇಡಪ್ಪ, ಕ್ಯಾನ್ಸಲ್ ಎಂದೆ. "ಬೇಡ ಅಂದ್ರೂ ಓಟಿಪಿ ಬೇಕು ಸರ್" ಎಂದ. ಓಟಿಪಿ ಬರಲಿಲ್ಲ. ಮತ್ತೆ ಒತ್ತಿದ. ಬರಲಿಲ್ಲ. ಅವನು ಗೋಡೆಗೆ ಒರಗಿ ನಿಂತ. ನೀರು ಕೊಟ್ಟೆ. "ಸರ್, ತಗೊಂಡ್ಬಿಡಿ, ಆಮೇಲೆ ರಿಟರ್ನ್ ಹಾಕಿ. ಇನ್ನೂ ನಲವತ್ತು ಮನೆ ಇದೆ."

ಇಲ್ಲಿ ನನಗೆ ನಗು ಬರಲಿಲ್ಲ. ಐದು ದಿನದ ಹಿಂದೆ ಬೇಡ ಅಂದ ಸಾಮಾನು ಇದು. ಆ ಮಾತು ಅವರಿಗೆ ತಲುಪಿತ್ತು. ಡಬ್ಬ ಹೊಸಕೋಟೆಯಲ್ಲಿ ಯಾವ ಮೂಲೆಯಲ್ಲಿದೆ ಅಂತ ನನ್ನ ಮೊಬೈಲಿಗೇ ಗೊತ್ತಿತ್ತು. ಅದನ್ನು ಪಕ್ಕಕ್ಕಿಡೋಕೆ ಒಬ್ಬ ಮನುಷ್ಯನಿಗೆ ಒಂದು ನಿಮಿಷ ಸಾಕು. ಇಡಲ್ಲ. ಯಾಕೆಂದರೆ ಹತ್ತು ಜನರಲ್ಲಿ ಆರು ಜನ ಬೇಸತ್ತು ಇಟ್ಟುಕೊಳ್ತಾರೆ ಅನ್ನೋ ಲೆಕ್ಕ ಅವರಿಗೆ ಬಾಯಿಪಾಠ ಇರುತ್ತೆ ಅಂತ ನನ್ನ ಗುಮಾನಿ. ಆ ಲೆಕ್ಕದ ಭಾರ ಹೊತ್ತು ಬಿಸಿಲಲ್ಲಿ ಮೂರು ಮಹಡಿ ಹತ್ತೋನು ಈ ಹುಡುಗ. ನಾನು ಬೇಡ ಅಂದರೆ ವಾಪಸ್ ಹೊತ್ತು ಇಳಿಯೋನೂ ಅವನೇ. ಅವನ ಮೇಲೆ ರೇಗಲಿ ಅಂತಲೇ ಅವನನ್ನು ನನ್ನ ಬಾಗಿಲಿಗೆ ಕಳಿಸಿರ್ತಾರೆ. ನಾಚಿಕೆ ಆಗಬೇಕು.

ತಗೊಂಡೆ. ಸಂಜೆ ರಿಟರ್ನ್ ಹಾಕಲು ಹೋದರೆ, "ಈ ವಸ್ತುವಿಗೆ ಬದಲಿ ಮಾತ್ರ ಲಭ್ಯ" ಅಂತಿತ್ತು. ಅಂದರೆ ಮಿಕ್ಸಿ ವಾಪಸ್ ತಗೊಂಡು ಇನ್ನೊಂದು ಮಿಕ್ಸಿ ಕೊಡ್ತಾರೆ. ಅದನ್ನು ಹೊತ್ತುಕೊಂಡು ಅದೇ ಹುಡುಗ ಮತ್ತೆ ಬರ್ತಾನೆ.

ಭಾನುವಾರ ನಾದಿನಿ ಬಂದಳು, ಕೈಯಲ್ಲಿ ಮಿಕ್ಸಿ. ಅದೇ ಕಂಪನಿ, ಅದೇ ಬಣ್ಣ. ನಮ್ಮ ಡಬ್ಬ ನೋಡಿ ಸೋಫಾ ಮೇಲೆ ಕುಸಿದಳು. "ನೀವು ತಗೊಂಡ್ರಿ ಅಂತ ಅಕ್ಕ ಆವತ್ತು ರಾತ್ರಿನೇ ಹೇಳಿದ್ಲು ಭಾವ. ನಾನೂ ಕ್ಯಾನ್ಸಲ್ ಒತ್ತಿದೆ. ಪ್ಯಾಕ್ ಆಗಿದೆ ಅಂತು."

ಈಗ ಎರಡೂ ಅಟ್ಟದ ಮೇಲಿವೆ. ಹಳೇ ಮಿಕ್ಸಿಗೆ ಬ್ಲೇಡ್ ಸಾಣೆ ಹಿಡಿಸಿದ್ದೇವೆ, ಚೆನ್ನಾಗೇ ಓಡುತ್ತಿದೆ. ನಿಮ್ಮ ಕಡೆ ಯಾರದ್ದಾದರೂ ಗೃಹಪ್ರವೇಶ ಇದ್ದರೆ ಹೇಳಿ, ಉಡುಗೊರೆ ತರುತ್ತೇವೆ. ಆದರೆ ಯೋಚನೆ ಮಾಡಿ ಹೇಳಿ. ನೀವು ಹೂಂ ಅಂದ ತಕ್ಷಣ ನನ್ನ ಹೆಂಡತಿ ಪ್ಯಾಕ್ ಮಾಡಿಬಿಡುತ್ತಾಳೆ.