ನಿಲ್ಲಿಸಬಹುದಾದ ಹಂತ ಮೊದಲೇ ಗೊತ್ತಿರಲಿ

‘ಮೈ ಹುಷಾರಾಗಿರುವ ದಿನ ಆದಷ್ಟು ಕೆಲಸ ಮುಗಿಸಿಟ್ಟುಕೊಳ್ಳಿ’ ಎಂದು ಲೇಖನವೊಂದು ಕೊಟ್ಟ ಸಲಹೆಯನ್ನು ಒಪ್ಪಲಾರೆ. ದೀರ್ಘಕಾಲದ ಆಯಾಸದ ಕಾಯಿಲೆಯಿದ್ದವರನ್ನು ಅಂಥ ಒಂದು ದಿನದ ದುಡಿಮೆ ಮುಂದೆ ಹಲವು ದಿನ ಹಾಸಿಗೆ ಹಿಡಿಸಬಹುದು. ಕೆಲಸವನ್ನು ಯಾವ ಹಂತದಲ್ಲಿ ನಿಲ್ಲಿಸುತ್ತೀರಿ ಎಂಬುದೇ ಮುಖ್ಯ. ಮಣ್ಣಿನ ಮಗ್ ಮಾಡುವವರನ್ನು ನೋಡಿ: ಹಿಡಿ ಕೂರಿಸುವ ಮೊದಲೇ ಮಲಗಬೇಕಾಗಿ ಬಂದರೆ ಮಗ್ ಪೂರ್ತಿ ಒಣಗುತ್ತದೆ, ಆಮೇಲೆ ಹಸಿ ಹಿಡಿ ಅಂಟಿಸಿದರೆ ಅದೊಂದೇ ಕುಗ್ಗಿ ಬುಡದಲ್ಲಿ ಬಿರುಕು ಬಿಡುತ್ತದೆ. ಪ್ಲಾಸ್ಟಿಕ್ ಬಿಗಿಯಾಗಿ ಸುತ್ತಿಟ್ಟರೆ ಕೆಲವು ದಿನ ತಡೆದೀತು, ಅಷ್ಟೇ. ಹಾಗಾಗಿ ಹಿಡಿ ಸಮೇತ ಮುಗಿಸಬಲ್ಲಷ್ಟೇ, ನಾಲ್ಕೋ ಐದೋ, ಚಕ್ರಕ್ಕೆ ಹಾಕಿ. ಒಮ್ಮೆ ಸುಟ್ಟವು ತಿಂಗಳುಗಟ್ಟಲೆ ಕಪಾಟಿನಲ್ಲಿದ್ದರೂ ಕೆಡುವುದಿಲ್ಲ. ಧೂಳು ಒರೆಸಿ ಗ್ಲೇಜ್ (ಗಾಜಿನಂಥ ಹೊಳಪಿನ ಲೇಪ) ಹಚ್ಚಿ ಮತ್ತೆ ಸುಟ್ಟರಾಯಿತು. ಗ್ರಾಹಕರ ಮುಂಗಡವನ್ನು ಮಾತ್ರ ಸಾಮಾನು ಕಳಿಸುವವರೆಗೂ ಮುಟ್ಟಬೇಡಿ, ಬೇರೆ ಖಾತೆಯಲ್ಲೇ ಇರಲಿ; ನಡುವೆ ಮಲಗಬೇಕಾಗಿ ಬಂದರೆ ಹಿಂದಿರುಗಿಸಬಹುದು.