ಹೊಸಬರಿಗೆ ಮೊದಲು ಒಂದು ಕುರ್ಚಿ ಕೊಡಿ

ಪೆನ್ಷನ್ ಕಾಗದಕ್ಕೆ ಅಂತ ಇವತ್ತು ರಾಯಚೂರಿನ ಒಂದು ಆಫೀಸಿಗೆ ಹೋಗಿದ್ದೆ. ಅಲ್ಮೆರಾ ಪಕ್ಕ ಒಬ್ಬ ಹುಡುಗಿ ನಿಂತಿದ್ದಳು. ಎಸ್‌ಡಿಎ, ಅಂದರೆ ದ್ವಿತೀಯ ದರ್ಜೆ ಸಹಾಯಕಿ ಆಗಿ ಸೇರಿ ಮೂರು ದಿನ. ಅವಳಿಗೆ ಅಂತ ಒಂದು ಕುರ್ಚಿ ಇಲ್ಲ. ಯಾರಾದರೂ ಟೀಗೆ ಎದ್ದರೆ ಕೂರುತ್ತಾಳೆ, ಅವರು ಬಂದ ಕೂಡಲೇ ಏಳುತ್ತಾಳೆ. ಲೇಡೀಸ್ ಟಾಯ್ಲೆಟ್ ಕೀಲಿ ಯಾರ ಹತ್ತಿರ ಇರುತ್ತೆ ಅಂತ ಕೇಳಲು ಮುಜುಗರವಾಗಿ, ಮೊದಲ ದಿನ ಸಂಜೆವರೆಗೆ ನೀರೇ ಕುಡಿದಿಲ್ಲ. ನಮ್ಮೂರ ಈ ಬಿಸಿಲಲ್ಲಿ! ಕೇಳಿ ಕರುಳು ಚುರ್ ಅಂತು.

ಮೂವತ್ತು ವರ್ಷ ಇಂಥದೇ ಟೇಬಲ್ ಹಿಂದೆ ಕೂತವಳು ನಾನು, ನಿಮಗೆ ಗೊತ್ತಲ್ವಾ. ಸೂಪರಿಂಟೆಂಡೆಂಟರನ್ನು ಕೇಳಿಯೇಬಿಟ್ಟೆ. "ನಮಗ್ಯಾರು ಕಲಿಸಿದ್ರು ಮೇಡಂ? ಬಿದ್ದು ಎದ್ದು ಕಲಿತ್ವಿ" ಅಂದರು. ನಿಜ, ಕಲಿತೆವು. ಆದರೆ ನಾವು ಬಿದ್ದಾಗಲೆಲ್ಲ ಪೆಟ್ಟು ಬಿದ್ದದ್ದು ಯಾರಿಗೆ? ಒಂದು ಸಹಿ ತಪ್ಪಿದ್ದಕ್ಕೆ ಲಿಂಗಸುಗೂರಿನಿಂದ ಮೂರು ಸಲ ಬಸ್ ಹತ್ತಿ ಬಂದ ರೈತನಿಗೆ.

ಒಂದು ಮಾತು ಇದುವರೆಗೆ ಯಾರಿಗೂ ಹೇಳಿಲ್ಲ. 2016ರಲ್ಲಿ, ನಮ್ಮ ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನ ಕೊಟ್ಟ 371ಜೆ ಮೀಸಲಾತಿಯಲ್ಲಿ ದೇವದುರ್ಗ ಕಡೆಯ ಹುಡುಗನೊಬ್ಬ ನನ್ನ ಸೆಕ್ಷನ್ನಿಗೆ ಬಂದ. "ಹಳೇ ಫೈಲ್ ನೋಡಿಕೊಂಡು ಮಾಡಪ್ಪ" ಅಂದು ಸುಮ್ನಾದೆ. ಸರ್ವೆ ನಂಬರ್ ತಾಳೆ ನೋಡದೆ ಒಂದು ಕಡತ ಮೇಲೆ ಕಳಿಸಿದ. ನೋಟಿಸ್ ಅವನ ಹೆಸರಿಗೆ ಬಂತು. ತಪ್ಪು ನನ್ನದು. ಅವನ ಹತ್ತಿರ ಒಪ್ಪಿಕೊಳ್ಳಲಿಲ್ಲ. ನಮ್ಮ ಭಾಗದ ಮಕ್ಕಳಿಗೆ ಕೆಲಸ ಸಿಗಲಿ ಅಂತ ಎಷ್ಟು ವರ್ಷ ಹೋರಾಡಿ ಸಂವಿಧಾನಕ್ಕೇ ತಿದ್ದುಪಡಿ ಮಾಡಿಸಿಕೊಂಡೆವು. ಕೆಲಸ ಹಿಡಿದು ಬಂದವನಿಗೆ ಒಂದು ವಾರ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಡಲು ನನಗೆ ಪುರುಸೊತ್ತು ಆಗಲಿಲ್ಲ.

ಈ ಹುಡುಗಿಗೆ ಕಂಪ್ಯೂಟರಿನಲ್ಲೇ ಕಡತ ನಡೆಸುವ ಇ-ಆಫೀಸ್ ಲಾಗಿನ್ ಇನ್ನೂ ಆಗಿಲ್ಲ. ಸಂಬಳದ ಬಿಲ್ ಆಗುವ ಎಚ್‌ಆರ್‌ಎಂಎಸ್‌ಗೆ ಹೆಸರು ಏರಬೇಕು, ಸರ್ಕಾರಿ ನೌಕರರ ವಿಮೆ ಕೆಜಿಐಡಿ ಆಗಬೇಕು. 2006ರ ಏಪ್ರಿಲ್ 1ರಿಂದೀಚೆಗೆ ಸೇರಿದವರಿಗೆ ಎನ್‌ಪಿಎಸ್ ಅನ್ನೋ ಹೊಸ ಪೆನ್ಷನ್, ಅದಕ್ಕೆ ಪ್ರಾನ್ ಅನ್ನೋ ಖಾತೆ ನಂಬರ್ ಬೇಕು. ಯಾವುದಕ್ಕೆ ಯಾರನ್ನು ಕೇಳಬೇಕು ಅಂತ ಯಾರೂ ಹೇಳಿಲ್ಲ. ಮೊದಲ ಸಂಬಳ ತಡವಾದರೆ ರೂಮ್ ಬಾಡಿಗೆ ಯಾರು ಕಟ್ಟಬೇಕು?

ಹೊರಗೆ ಬೆಂಚಿನ ಮೇಲೆ ಕೂರಿಸಿಕೊಂಡೆ. ನನ್ನ ಪೆನ್ಷನ್ ಲಕೋಟೆಯ ಹಿಂದೆಯೇ ಬರೆದು ತೋರಿಸಿದೆ. ಟಪಾಲು ಬಂದರೆ ಎಲ್ಲಿ ಏರಿಸಬೇಕು, ಪುಟಕ್ಕೆ ನಂಬರ್ ಹೇಗೆ ಹಾಕಬೇಕು, ಟಿಪ್ಪಣಿಯ ಕೊನೆಗೆ "ಆದೇಶಕ್ಕಾಗಿ ಮಂಡಿಸಿದೆ" ಅಂತ ಯಾಕೆ ಬರೆಯುತ್ತಾರೆ. ಲಕೋಟೆ ತುಂಬಿತು. ಅದನ್ನು ಮಡಚಿ ಆದೇಶದ ಫೈಲಿನೊಳಗೆ ಜೋಪಾನವಾಗಿ ಇಟ್ಟುಕೊಂಡಳು.

"ನಾಳೆ ಬರ್ತೀರಾ ಮೇಡಂ?" ಅಂದಳು.

ಹೋಗ್ತೀನಿ.